ಸ್ಕೋರ್ ಬರೆಯುವವನು ಸೋತ ಸೀಸನ್

ಸ್ಕೋರ್ ಬರೆಯುವ ಕೆಲಸಕ್ಕೆ ಈಗ ಸೇರುತ್ತಿರುವ ಮಕ್ಕಳು ತಮ್ಮನ್ನು ಡೇಟಾ ಅನಲಿಸ್ಟ್ ಎಂದು ಕರೆದುಕೊಳ್ಳುತ್ತಾರೆ. ಕರೆದುಕೊಳ್ಳಲಿ, ನನ್ನ ತಕರಾರಿಲ್ಲ. ನಿವೃತ್ತಿಗೆ ಮುಂಚಿನ ಕೆಲವು ವರ್ಷ ನಾನೂ ಅಂಥದೇ ಭಾರೀ ಹೆಸರಿನ ಕಾರ್ಡು ಹಂಚಿಕೊಂಡು ಓಡಾಡಿದವನು. ಕೆಲಸ ಮಾತ್ರ ಅದೇ ಹಳೆಯದು. ಗೆರೆಯಾಚೆ ನೆರಳಲ್ಲಿ ಕುಳಿತು, ಬಿಸಿಲಲ್ಲಿ ಇನ್ನೊಬ್ಬರು ಬೆವರು ಸುರಿಸಿ ಮಾಡಿದ್ದನ್ನು ಒಂದು ಚಿಕ್ಕ ಚೌಕದೊಳಗೆ ಒಂದು ಗುರುತಾಗಿ ಬರೆಯುವುದು. ಹೋದ ತಿಂಗಳು ಹುಬ್ಬಳ್ಳಿಯ ಹುಡುಗಿಯೊಬ್ಬಳು ಫೋನ್ ಮಾಡಿ, ಇಂಥ ಕೆಲಸ ಸಿಕ್ಕಿದೆ ಅಂಕಲ್, ನಿಮ್ಮ ಅನುಭವದಿಂದ ಏನಾದರೂ ಹೇಳಿ ಎಂದಳು. ನಾಲ್ಕು ಒಳ್ಳೆಯ ಮಾತು ಹೇಳಿ ಫೋನ್ ಇಟ್ಟೆ. ಹೇಳಬೇಕಾದದ್ದನ್ನು ಹೇಳಲಿಲ್ಲವೆಂದು ಆಮೇಲೆ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನನಗೆ ಈ ವಿದ್ಯೆ ಕಲಿಸಿದವರು ಹುಬ್ಬಳ್ಳಿಯ ದೇಸಾಯಿ ಮಾಸ್ತರು. ವಾರವಿಡೀ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಅವರು ಭಾನುವಾರ ಕ್ರಿಕೆಟ್ ಮೈದಾನದ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಸ್ಕೋರ್ ಬರೆಯುತ್ತಿದ್ದರು. ಅವರ ಬಳಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ರನ್ನಿಗೆ ನೀಲಿ, ವಿಕೆಟ್ಟಿಗೆ ಕೆಂಪು. ಅಂಪೈರ್ ಕೈಸನ್ನೆ ಮಾಡಿದಾಗ ನಾವು ಕೈ ಎತ್ತಿ ನೋಡಿದೆವೆಂದು ತೋರಿಸಬೇಕು, ಆಮೇಲೆಯೇ ಬರೆಯಬೇಕು. ಒಮ್ಮೆ ನಾನು ಬಿಸಿ ಮಿರ್ಚಿ ಭಜಿ ಕಚ್ಚಿ, ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡು, ಒಂದು ಲೆಗ್ ಬೈ ತಪ್ಪಿಸಿಬಿಟ್ಟೆ. ಆವತ್ತಿನ ಪಂದ್ಯ ಸರಿಯಾಗಿ ಆ ಒಂದು ರನ್ನಿಗೇ ಬಂದು ನಿಂತಿತು. ಎರಡೂ ಕಡೆಯವರು ಮೇಜಿನ ಸುತ್ತ ಸೇರಿ ಕೂಗಾಡಿದರು. ಮಾಸ್ತರು ನನ್ನನ್ನು ಬಯ್ಯಲಿಲ್ಲ. “ಭಜಿ ಆಮ್ಯಾಲೂ ಸಿಗ್ತಾವ, ಬಾಲ್ ಸಿಗಂಗಿಲ್ಲೋ ತಮ್ಮಾ” ಎಂದರು ಅಷ್ಟೇ. ಅಂದಿನಿಂದ ಆಟ ನಡೆಯುವಾಗ ನಾನು ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಿಲ್ಲ.

ಕ್ರಿಕೆಟ್ ಸ್ಕೋರರ್ ಕೆಲಸದಲ್ಲಿ ಒಂದು ದೊಡ್ಡ ಸುಖವಿದೆ. ಅಲ್ಲಿ ನಾವು ನ್ಯಾಯ ಹೇಳುವಂತಿಲ್ಲ. ಹೇಳುವವನು ಅಂಪೈರ್, ನಾವು ಬರೆಯುವವರು. ಸ್ಲಿಪ್‌ನಲ್ಲಿ ನಿಂತವನು ಅಂಗೈಗೇ ಬಂದ ಕ್ಯಾಚನ್ನು ನೆಲಕ್ಕೆ ಹಾಕಿದರೂ ಪುಸ್ತಕದಲ್ಲಿ ಬೀಳುವುದು ಒಂದು ಚುಕ್ಕೆ ಮಾತ್ರ. ಯಾರು ಬಿಟ್ಟರು, ಎಂಥ ಸಲೀಸಾದ ಕ್ಯಾಚು ಬಿಟ್ಟರು ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ಜನ ನಾಲ್ಕು ದಿನ ಆಡಿಕೊಂಡು ಮರೆತುಬಿಡುತ್ತಾರೆ. ಇಪ್ಪತ್ತು ವರ್ಷ ಇಂಥ ಪುಸ್ತಕ ಬರೆದು ಬೆಳೆದ ಕೈ ನನ್ನದು ಎಂಬುದನ್ನು ಓದುವವರು ನೆನಪಿಡಬೇಕು.

ಹೊಟ್ಟೆಪಾಡಿಗೆ ನಾನು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಹವ್ಯಾಸಕ್ಕೆಂದು ಸ್ಕೋರ್ ಬರೆಯುವ ಒಂದು ಪ್ರೋಗ್ರಾಂ ಮಾಡಿದ್ದೆ. ಜರ್ಮನಿಯವರು ಕಂಪ್ಯೂಟರ್ ಬಲ್ಲವರಿಗೆ ಗ್ರೀನ್ ಕಾರ್ಡ್ ಕೊಡುತ್ತೇವೆಂದು ಹೇಳಿದ ಕಾಲ ಅದು. ನನ್ನ ಜೊತೆಯವರು ಸಿಂಡೆಲ್‌ಫಿಂಗೆನ್‌ಗೆ, ವೋಲ್ಫ್ಸ್‌ಬುರ್ಗ್‌ಗೆ ಕಾರಿನ ಕಂಪನಿಗಳಿಗೆ ಹೋದರು. ನನಗೆ ಸಿಕ್ಕಿದ್ದು ಹ್ಯಾಂಬರ್ಗ್‌ನ ಒಂದು ಪುಟ್ಟ ಕಂಪನಿ. ಆಟದ ಲೀಗುಗಳಿಗೆ ಫಲಿತಾಂಶ, ಅಂಕಿಅಂಶ ಇಡುವ ಸಾಫ್ಟ್‌ವೇರ್ ಮಾಡುತ್ತಿದ್ದರು. ನಲವತ್ತು ದಾಟಿದ ಮೇಲೆ, ಹೆಂಡತಿ ಸುಮಂಗಲಾಳನ್ನೂ ಮಗಳನ್ನೂ ಕರೆದುಕೊಂಡು, ಎರಡು ಸೂಟ್‌ಕೇಸ್ ತುಂಬ ಚಟ್ನಿಪುಡಿ ಹೇರಿಕೊಂಡು ಬಂದಿಳಿದೆ.

ಸೇರಿದ ಎರಡನೇ ವಾರವೇ ಬಾಸ್ ಕರೆದರು. ಬೇಸ್‌ಬಾಲ್ ಲೀಗಿನ ಕೆಲಸ ಸಿಕ್ಕಿದೆ, ಕಂಪನಿಯಲ್ಲಿ ಬ್ಯಾಟು-ಚೆಂಡಿನ ಆಟ ಗೊತ್ತಿರುವವರು ನೀವೊಬ್ಬರೇ, ಊರ ಹೊರಗಿನ ಒಂದು ಕ್ಲಬ್ಬಿನಲ್ಲಿ ಈ ಸೀಸನ್ ಕೂತು ನೀವೇ ಸ್ಕೋರ್ ಬರೆಯಿರಿ, ಹಾಗೇ ಪ್ರೋಗ್ರಾಂ ತಿದ್ದಿ ಎಂದರು. ಕ್ರಿಕೆಟ್ ಬಂದರೆ ಬೇಸ್‌ಬಾಲ್ ಬಂದಂತೆಯೇ ಎಂಬುದು ಅವರ ಲೆಕ್ಕಾಚಾರ. ನನಗೆ ಬೇಸ್‌ಬಾಲಿನ ಗಂಧಗಾಳಿ ಇರಲಿಲ್ಲ. ಆದರೂ ಆಗಬಹುದು ಸರ್ ಎಂದೆ. ಮೇಲಿನವರು ಕೇಳಿದಾಗ ಗೊತ್ತಿಲ್ಲ ಎನ್ನುವ ಅಭ್ಯಾಸ ನಮ್ಮ ಪಾಲಿಟೆಕ್ನಿಕ್‌ನಲ್ಲಿ ಯಾರಿಗೂ ಇರಲಿಲ್ಲ. ಮಕ್ಕಳೇ, ಈ ಒಂದು ಅಭ್ಯಾಸವನ್ನು ಊರಲ್ಲೇ ಬಿಟ್ಟು ಕೆಲಸಕ್ಕೆ ಹೋಗಿ.

ಎಸ್-ಬಾನ್ ರೈಲು ಇಳಿದು ಇಪ್ಪತ್ತು ನಿಮಿಷ ನಡೆದರೆ ಮೈದಾನ. ಬಂದರಿನಿಂದ ತಂದ ಹಳೆಯ ಕಂಟೇನರ್ ಒಂದಕ್ಕೆ ಕಿಟಕಿ ಕೊರೆದು, ಬ್ಯಾಟ್ ಮಾಡುವವನ ಬೆನ್ನ ಹಿಂದೆ ಜಾಲರಿಯಾಚೆ ಇಟ್ಟಿದ್ದರು. ಅದೇ ಸ್ಕೋರರ್ ಕೋಣೆ. ಮೊದಲ ದಿನ ಮಳೆ. ನನ್ನ ಬಳಿ ಇದ್ದದ್ದು ಹುಬ್ಬಳ್ಳಿಯ ಕೊಡೆ. ಅಲ್ಲಿನ ಗಾಳಿಗೆ ಅದು ತಿರುವುಮುರುವಾಗಿ ಕಡ್ಡಿ ಮುರಿದುಕೊಂಡಿತು. ಆಗ ಒಬ್ಬ ಎತ್ತರದ ಮನುಷ್ಯ ಓಡಿಬಂದು, ತನ್ನ ಮೇಲಿನ ರೇನ್‌ಕೋಟ್ ತೆಗೆದು ನನ್ನ ಹೆಗಲಿಗೆ ಹಾಕಿ, ಹೆಸರು ಹೇಳಿಕೊಂಡ. ಅವನೇ ಹೋಲ್ಗರ್.

ಹೋಲ್ಗರ್‌ಗೆ ಆಗ ಮೂವತ್ತೆಂಟು. ಹಗಲು ಪಾರ್ಸೆಲ್ ಸಾಗಿಸುವ ವ್ಯಾನ್ ಓಡಿಸುತ್ತಿದ್ದ. ಚಿಕ್ಕವನಿದ್ದಾಗ ಬ್ರೆಮರ್‌ಹಾಫೆನ್ ಬಂದರಿನಲ್ಲಿ ಅಮೆರಿಕದ ಸೈನಿಕರು ಆಡುವುದನ್ನು ನೋಡಿ ಬೇಸ್‌ಬಾಲ್ ಕಲಿತವನು. ಕ್ಲಬ್ಬು ಶುರುವಾದ ದಿನದಿಂದ ಶಾರ್ಟ್‌ಸ್ಟಾಪ್ ಎಂಬ ಜಾಗದಲ್ಲಿ ನಿಂತಿದ್ದ. ಆಟ ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಬ್ಯಾಟ್ ಮಾಡಿದ ಚೆಂಡು ನೆಲಕ್ಕೆ ಬಿದ್ದು ಅತಿ ಹೆಚ್ಚಾಗಿ ಹರಿದು ಬರುವುದು ಆ ಜಾಗಕ್ಕೇ. ಅಲ್ಲಿ ನಿಂತವನು ಚೆಂಡು ಹಿಡಿದು ಮೊದಲ ಬೇಸಿಗೆ ಎಸೆಯಬೇಕು. ಓಡುವ ಬ್ಯಾಟುಗಾರನಿಗಿಂತ ಮುಂಚೆ ಚೆಂಡು ತಲುಪಿದರೆ ಅವನು ಔಟ್. ನಾಲ್ಕು ಬೇಸುಗಳನ್ನೂ ಸುತ್ತಿ ಬಂದರೆ ಒಂದು ರನ್.

ಅವನು ನನಗೆ ಮಾಡಿದ ಉಪಕಾರ ಒಂದೆರಡಲ್ಲ. ಬಾಡಿಗೆ ಮನೆ ಸಿಗದೆ ನಾವು ಮೂವರು ಒಂದೇ ಕೋಣೆಯಲ್ಲಿದ್ದಾಗ, ತನ್ನ ಪರಿಚಯದ ಮಾಲೀಕನಿಗೆ ಹೇಳಿ ವೊನುಂಗ್, ಅಂದರೆ ಬಾಡಿಗೆ ಮನೆ, ಕೊಡಿಸಿದ. ವೀಸಾ ಕಚೇರಿಯ ಸರದಿಯಲ್ಲಿ ಬೆಳಗ್ಗೆ ಆರಕ್ಕೆ ನನ್ನ ಜೊತೆ ನಿಂತ. ಪಂದ್ಯದ ದಿನ ಎಲ್ಲರೂ ಮಾಂಸ ಸುಡುವ ಒಲೆಯ ಪಕ್ಕದಲ್ಲಿ ಮಾಂಸ ತಿನ್ನದ ನನಗಾಗಿಯೇ ಬೇರೆ ಸಣ್ಣ ಒಲೆ ಹೂಡಿ ಆಲೂಗಡ್ಡೆ, ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದ. ಮಾಂಸದ ಇಕ್ಕಳವನ್ನು ಈ ಒಲೆಗೆ ತಾಗಿಸಬೇಡಿ ಎಂದು ಬೇರೆಯವರನ್ನು ಗದರಿಸುತ್ತಿದ್ದ. ಪರದೇಶದಲ್ಲಿ ಅಷ್ಟು ಮಾಡುವವರು ಎಲ್ಲಿ ಸಿಗುತ್ತಾರೆ? ಅವನನ್ನು ಕಂಡರೆ ನನಗೆ ತಮ್ಮನನ್ನು ಕಂಡಷ್ಟು ಅಕ್ಕರೆ.

ಕೋಚ್ ರೇ ಮಾತ್ರ ಅಷ್ಟು ಸಲೀಸಿನ ಮನುಷ್ಯನಲ್ಲ. ಅಮೆರಿಕದ ಸೈನ್ಯದಲ್ಲಿ ಮೆಕ್ಯಾನಿಕ್ ಆಗಿ ಬಂದು, ಇಲ್ಲಿಯವಳನ್ನು ಮದುವೆಯಾಗಿ ಇಲ್ಲೇ ನಿಂತವನು. ಸದಾ ಸೂರ್ಯಕಾಂತಿ ಬೀಜ ಅಗಿದು ಸಿಪ್ಪೆ ಉಗುಳುತ್ತಿದ್ದ. ನಗುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ನನಗೆ ಎರಡು ವಾರ ಆಟ ಕಲಿಸಿದವನು ಅವನೇ. ಮೂರನೇ ದಿನ ಸ್ಕೋರ್‌ಬೋರ್ಡಿನ ಕೆಳಗೆ ನಿಲ್ಲಿಸಿ ಮೂರು ಕಾಲಂ ತೋರಿಸಿದ. ಮೊದಲನೆಯದು ರನ್, ಎರಡನೆಯದು ಹಿಟ್, ಮೂರನೆಯದು ಎರರ್. ಚೆಂಡು ಫೀಲ್ಡರನನ್ನು ದಾಟಿ ಹೋದಾಗ, ಹೊಡೆತ ಬಲವಾಗಿತ್ತೇ ಅಥವಾ ಫೀಲ್ಡರ್ ಹಿಡಿಯಬೇಕಾದ ಚೆಂಡು ಬಿಟ್ಟನೇ ಎಂದು ಯಾರಾದರೂ ನಿರ್ಧರಿಸಬೇಕು. ಬಲವಾಗಿದ್ದರೆ ಹಿಟ್, ಬ್ಯಾಟುಗಾರನಿಗೆ ಹೆಸರು. ಬಿಟ್ಟಿದ್ದರೆ ಎರರ್, ಫೀಲ್ಡರನ ಹೆಸರಿಗೆ. ಅಂಪೈರ್ ನಿರ್ಧರಿಸುತ್ತಾನೆಯೇ ಎಂದು ಕೇಳಿದೆ. ರೇ ನನ್ನ ಎದೆಗೆ ಬೆರಳು ಚುಚ್ಚಿ, ನೀನು ಎಂದ.

ಒಬ್ಬನ ತಪ್ಪನ್ನು ಅವನ ಹೆಸರಿನ ಮುಂದೆ ಬರೆದು, ದೀಪ ಹೊತ್ತಿಸಿ ಊರಿಗೆಲ್ಲ ತೋರಿಸುವ ಆಟವೂ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಮೊದಲ ಪಂದ್ಯದಲ್ಲೇ ಪರೀಕ್ಷೆ ಬಂತು. ನೆಲಕ್ಕೆ ತಾಗಿ ಸಾಧಾರಣ ವೇಗದಲ್ಲಿ ಬಂದ ಚೆಂಡು ಹೋಲ್ಗರ್‌ನ ಗ್ಲೌಸಿಗೆ ತಾಗಿ ಆಚೆ ಉರುಳಿತು. ವಯಸ್ಸಾಗಿತ್ತು, ಬಾಗುವುದು ತಡವಾಗುತ್ತಿತ್ತು. ಸ್ಪಷ್ಟವಾದ ಎರರ್. ಅವನು ತಲೆ ತಗ್ಗಿಸಿ ನೆಲ ಕೆದಕುತ್ತ ನಿಂತ. ಬೆಳಗ್ಗೆ ತಾನೇ ನನ್ನ ಮಗಳಿಗೆ ಚಾಕೊಲೇಟ್ ಕೊಟ್ಟ ಕೈ ಅದು. ನನ್ನ ಬೆರಳು ಲ್ಯಾಪ್‌ಟಾಪಿನ ಎರರ್ ಕೀ ಒತ್ತಲಿಲ್ಲ. ಹಿಟ್ ಎಂದು ಒತ್ತಿಬಿಟ್ಟೆ. ಯಾರೂ ತಕರಾರು ಮಾಡಲಿಲ್ಲ. ಬ್ಯಾಟುಗಾರನಿಗೆ ಹಿಟ್ ಸಿಕ್ಕ ಖುಷಿ, ನಮ್ಮವರಿಗೆ ಎರರ್ ಬೀಳದ ಸಮಾಧಾನ. ಎಲ್ಲರೂ ಸಂತೋಷವಾಗಿದ್ದಾಗ ಇದರಲ್ಲಿ ಕೆಡುಕೇನಿದೆ ಎಂದುಕೊಂಡೆ.

ಎರಡನೇ ಸಲ ಅಷ್ಟೂ ಯೋಚಿಸಲಿಲ್ಲ.

ಆ ಸೀಸನ್ ನಮ್ಮ ಟೀಮಿಗೆ ಏಳಿಗೆಯೇ ಇರಲಿಲ್ಲ. ಅಷ್ಟಿಷ್ಟು ಸಂಬಳದ ಟೀಮು, ಕಾಫಿಬೀಜ ಹುರಿಯುವ ಕಂಪನಿಯೊಂದು ಸಾಕುತ್ತಿತ್ತು. ಲೀಗಿನ ಮೇಲಿನ ದರ್ಜೆಯಿಂದ ಕೆಳಗೆ ಬಿದ್ದರೆ ಆ ಕಂಪನಿ ಕೈಬಿಡುತ್ತದೆ, ಟೀಮು ಚದುರಿಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಸೋಲು ನಿಲ್ಲಲಿಲ್ಲ. ಒಂದು ಪಂದ್ಯದಲ್ಲಿ ನಮ್ಮ ಪಿಚರ್ ಎಸೆದದ್ದೆಲ್ಲ ಅಗಲಕ್ಕೇ ಹೋಗಿ, ಎದುರಾಳಿಗಳು ಬ್ಯಾಟ್ ಬೀಸದೆಯೇ ಮೆರವಣಿಗೆಯಂತೆ ಬೇಸು ಸುತ್ತಿದರು. ಇನ್ನೊಂದರಲ್ಲಿ ಗೆಲ್ಲುವ ಹಂತದಲ್ಲಿ ಮಳೆ ಬಂದು ಪಂದ್ಯ ರದ್ದಾಯಿತು, ಮರುಪಂದ್ಯದಲ್ಲಿ ಸೋತೆವು. ಬಟ್ಟೆ ಬದಲಿಸುವ ಕೋಣೆಯಲ್ಲಿ ಮೊದಲು ರೇಡಿಯೋ ಹಾಡುತ್ತಿತ್ತು. ಜೂನ್ ಮುಗಿಯುವಷ್ಟರಲ್ಲಿ ಅದನ್ನು ಯಾರೂ ಹಚ್ಚುತ್ತಿರಲಿಲ್ಲ. ಸೋತ ಟೀಮಿನ ಸ್ಕೋರ್ ಬರೆಯುವುದು ಬೇಸರದ ಕೆಲಸ. ಪ್ರತಿ ಶನಿವಾರ ಅದೇ ಹೆಸರುಗಳು, ಅದೇ ಸೊನ್ನೆಗಳು.

ನಾನೂ ನನ್ನ ಪಾಲಿನ ಎಡವಟ್ಟು ಮಾಡಿದೆ. ಜುಲೈ ತಿಂಗಳ ಒಂದು ಪಂದ್ಯದ ನಡುವೆ ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು. ಸೇವ್ ಮಾಡುವ ಏರ್ಪಾಡನ್ನು ಪ್ರೋಗ್ರಾಂನಲ್ಲಿ ಬರೆಯಬೇಕಾದವನು ನಾನೇ, ಮರೆತವನೂ ನಾನೇ. ಪುಣ್ಯಕ್ಕೆ ದೇಸಾಯಿ ಮಾಸ್ತರ ಅಭ್ಯಾಸದಂತೆ ಪಕ್ಕದಲ್ಲಿ ಕಾಗದದ ಮೇಲೆ ನೀಲಿ-ಕೆಂಪಿನಲ್ಲಿ ಬರೆದುಕೊಂಡಿದ್ದೆ. ಮರುದಿನ ಅದನ್ನು ನೋಡಿ ಎಲ್ಲವನ್ನೂ ಮತ್ತೆ ತುಂಬಿದೆ. ಈಗ ಕ್ಯಾಮರಾಗಳೇ ಎಲ್ಲ ನೋಡಿಕೊಳ್ಳುತ್ತವೆ ಎನ್ನುತ್ತೀರಿ. ಇರಲಿ, ಒಂದು ಕಾಗದ ಪಕ್ಕದಲ್ಲಿರಲಿ. ಆವತ್ತು ಬಾಸ್ ನನ್ನ ಜಾಗರೂಕತೆಯನ್ನು ಹೊಗಳಿದರು. ಕಾಗದದಲ್ಲೂ ನಾನು ಹೋಲ್ಗರ್‌ನ ಎರಡು ಎರರ್‌ಗಳನ್ನು ಹಿಟ್ ಎಂದೇ ಬರೆದಿದ್ದೆ ಎಂಬುದು ಅವರಿಗೇನು ಗೊತ್ತು?

ಇದನ್ನು ಹಿಡಿದದ್ದು ಸುಮಂಗಲಾ. ಧಾರವಾಡದ ಶಾಲೆಯಲ್ಲಿ ಹದಿನೈದು ವರ್ಷ ಗಣಿತ ಕಲಿಸಿ, ಎಸ್ಸೆಸ್ಸೆಲ್ಸಿ ಪೇಪರು ತಿದ್ದಿದವಳು ಅವಳು. ಒಂದು ಶನಿವಾರ ನನ್ನ ಜೊತೆ ಕಂಟೇನರಿನಲ್ಲಿ ಕೂತು ಆಟ ನೋಡುತ್ತಿದ್ದಳು. ಹೋಲ್ಗರ್ ಚೆಂಡು ಬಿಟ್ಟ. ನಾನು ಒತ್ತಿದೆ. ಅವಳು ಪರದೆ ನೋಡಿದಳು.

“ಅಂವಾ ಬಾಲ್ ಬಿಟ್ಟನಲ್ರೀ, ನೀವ್ ಯಾಕ ಹಿಂಗ ಬರದ್ರಿ?”

ಗ್ರೇಸ್ ಮಾರ್ಕ್ಸ್ ಅಂತ ತಿಳಕೋ ಎಂದು ನಕ್ಕೆ. ಅವಳು ನಗಲಿಲ್ಲ.

“ಗ್ರೇಸ್ ಕೊಟ್ಟು ಪಾಸ್ ಮಾಡಿದ ಹುಡುಗ ಮನಿಗೆ ಹೋಗ್ತಾನ್ರೀ. ಇಂವಾ ಮುಂದಿನ ಶನಿವಾರ ಮತ್ತ ಅಲ್ಲೇ ಬಂದು ನಿಂದರಾಂವ.”

ನಾನು ಮಾತು ತೇಲಿಸಿದೆ. ಹೆಂಡತಿ ಹೇಳಿದ್ದು ಸರಿಯೆಂದು ಗೊತ್ತಾದಾಗ ಮಾತು ತೇಲಿಸುವುದು ನನ್ನ ಹಳೆಯ ಚಾಳಿ.

ಇಲ್ಲಿ ಒಂದು ವಿಷಯ ಹೇಳಬೇಕು. ನಾನು ಬರೆಯುತ್ತಿದ್ದದ್ದು ನಮ್ಮ ಮೈದಾನದಲ್ಲಿ ನಡೆದ ಪಂದ್ಯ ಮಾತ್ರ. ಬೇರೆ ಊರುಗಳಿಗೆ ಹೋದಾಗ ಅಲ್ಲಿನ ಸ್ಕೋರರ್ ಬರೆಯುತ್ತಿದ್ದ, ಕಂಡದ್ದನ್ನು ಕಂಡ ಹಾಗೆ. ಹೀಗಾಗಿ ಹೋಲ್ಗರ್ ಹೆಸರಿನಲ್ಲಿ ಎರಡು ಬಗೆಯ ದಾಖಲೆ ಬೆಳೆಯಿತು. ಹೊರಗಿನ ಪಂದ್ಯಗಳಲ್ಲಿ ಎರರ್‌ಗಳ ಸಾಲು, ನಮ್ಮ ಮೈದಾನದಲ್ಲಿ ಒಂದೂ ಇಲ್ಲ. ಪ್ರೋಗ್ರಾಂ ಬರೆದ ನನಗೇ ಇದು ಹೊಳೆಯಲಿಲ್ಲ.

ಹೊಳೆದದ್ದು ರೇಗೆ. ಸೆಪ್ಟೆಂಬರಿನ ಕೊನೆಯ ಪಂದ್ಯ ನಮ್ಮ ಮೈದಾನದಲ್ಲೇ ಇತ್ತು. ಅದನ್ನು ಗೆದ್ದರೆ ಮೇಲಿನ ದರ್ಜೆಯಲ್ಲಿ ಉಳಿಯುತ್ತೇವೆ, ಸೋತರೆ ಇಳಿಯುತ್ತೇವೆ. ಹೋಲ್ಗರ್ ಜಾಗಕ್ಕೆ ಹಾಲೆಂಡಿನ ಒಬ್ಬ ಕಿರಿಯ ಆಟಗಾರ ಸಿದ್ಧವಾಗಿದ್ದ. ಗುರುವಾರ ಸಂಜೆ ರೇ ಕಂಟೇನರಿಗೆ ಬಂದು ನನ್ನ ಪ್ರಿಂಟೌಟ್ ಮೇಜಿನ ಮೇಲೆ ಹರವಿದ. ಬೇರೆ ಊರಿನಲ್ಲಿ ಇವನು ಚೆಂಡು ಬಿಡುತ್ತಾನೆ, ನಮ್ಮ ನೆಲದಲ್ಲಿ ಬಿಡುವುದಿಲ್ಲ, ಈ ಮಣ್ಣು ಅವನಿಗೆ ಗೊತ್ತು ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆಮೇಲೆ ನನ್ನ ಮುಖ ನೋಡಿ ಕೇಳಿದ. ಅವನ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ.

“ಈ ಅಂಕಿ ಸರಿಯಾಗಿವೆಯಾ?”

ಆ ವಾರವೇ ಸಿಂಡೆಲ್‌ಫಿಂಗೆನ್‌ನಿಂದ ಗೆಳೆಯನೊಬ್ಬ ಫೋನ್ ಮಾಡಿದ್ದ. ಕಂಪನಿಯಲ್ಲಿ ಅವನಿದ್ದ ವಿಭಾಗ ಮುಚ್ಚಿತ್ತು, ಬೇರೆ ಕೆಲಸ ಸಿಗದಿದ್ದರೆ ವಾಪಸ್ ಹೋಗಬೇಕಿತ್ತು. ಅಂಥ ಫೋನುಗಳು ಆಗ ದಿನವೂ ಬರುತ್ತಿದ್ದವು. ನನ್ನ ಗ್ರೀನ್ ಕಾರ್ಡ್ ನಿಂತಿದ್ದು ಈ ಕೆಲಸದ ಮೇಲೆ, ಕೆಲಸ ನಿಂತಿದ್ದು ಈ ಅಂಕಿಗಳನ್ನು ಲೀಗಿನವರು ನಂಬುವುದರ ಮೇಲೆ. ಸುಳ್ಳು ಬರೆದಿದ್ದೇನೆ ಎಂದು ಬಾಯಿಬಿಟ್ಟರೆ ಮರುದಿನ ನನಗೆ ಆ ಕುರ್ಚಿ ಇರುವುದಿಲ್ಲ. ಮಗಳು ಆಗಷ್ಟೇ ಶಾಲೆಯಲ್ಲಿ ಗೆಳತಿಯರನ್ನು ಮಾಡಿಕೊಂಡು ನಮಗೆ ಜರ್ಮನ್‌ನಲ್ಲಿ ಉತ್ತರ ಕೊಡತೊಡಗಿದ್ದಳು. ಕರುಣೆಯಿಂದ ಶುರು ಮಾಡಿದ್ದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆ ಗುರುವಾರ ಸಂಜೆ ಅದರಲ್ಲಿ ಕರುಣೆಯ ಲವಲೇಶವೂ ಇರಲಿಲ್ಲ, ಬರೀ ಹೆದರಿಕೆ.

ಸರಿಯಾಗಿವೆ ಎಂದೆ.

ರೇ ಬೀಜದ ಸಿಪ್ಪೆ ಉಗುಳಿ, ಕಾಗದ ಮಡಚಿಕೊಂಡು ಹೋದ. ಹೋಲ್ಗರ್ ಆಡುತ್ತಾನೆಂದು ಶುಕ್ರವಾರ ಪಟ್ಟಿ ಅಂಟಿಸಿದರು. ಅವನು ನನ್ನನ್ನು ಅಪ್ಪಿಕೊಂಡು, ನಿನ್ನ ಕಾಗದ ನೋಡಿ ರೇ ನನ್ನನ್ನು ಉಳಿಸಿದ ಎಂದ. ಅವನ ಸಂತೋಷ ನೋಡಲು ನನಗೆ ಆಗಲಿಲ್ಲ.

ಪಂದ್ಯ ಶನಿವಾರ ಮಧ್ಯಾಹ್ನ. ಬೆಳಗಿನವರೆಗೆ ಮಳೆ ಸುರಿದು ನಿಂತಿತ್ತು. ಮೈದಾನದ ಮಣ್ಣಿಗೂ ಹುಲ್ಲಿಗೂ ನಡುವಿನ ಅಂಚು ಕೊರೆದುಹೋಗಿತ್ತು. ಎಂದೂ ಇಲ್ಲದಷ್ಟು ಜನ ಬಂದಿದ್ದರು. ಹೋಲ್ಗರ್ ಆವತ್ತು ಎಷ್ಟು ಚೆನ್ನಾಗಿ ಆಡಿದನೆಂದರೆ, ಬಂದ ಚೆಂಡನ್ನೆಲ್ಲ ಹಿಡಿದು ಎಸೆದ. ನಾನು ಹೆದರಿದ್ದು ಸುಳ್ಳಾಗಲಿ ಎಂದು ಎಂಟು ಸರದಿ ಮುಗಿಯುವವರೆಗೂ ದೇವರಿಗೆ ಕೈಮುಗಿಯುತ್ತಿದ್ದೆ. ಒಂಬತ್ತನೆಯ, ಅಂದರೆ ಕೊನೆಯ ಸರದಿ, ಬ್ಯಾಟು ಎದುರಾಳಿಗಳದ್ದು, ನಾವು ಒಂದು ರನ್ ಮುಂದೆ, ಎದುರಾಳಿಗಳಲ್ಲಿ ಇಬ್ಬರು ಔಟ್, ಇಬ್ಬರು ಬೇಸುಗಳ ಮೇಲೆ. ಇನ್ನೊಬ್ಬ ಔಟಾದರೆ ಮುಗಿಯಿತು.

ಚೆಂಡು ಹೋಲ್ಗರ್ ಕಡೆಗೇ ಬಂತು. ನೇರವಾಗಿ, ಸಾಧಾರಣ ವೇಗದಲ್ಲಿ. ಅವನು ಬಾಗಿದ್ದ, ಗ್ಲೌಸು ಸರಿಯಾದ ಜಾಗದಲ್ಲಿತ್ತು. ನಾನು ಅದರ ಹಿಂದೆಯೇ ನೇರಕ್ಕೆ ಕೂತವನು, ಕಣ್ಣಾರೆ ನೋಡಿದೆ. ಹುಲ್ಲಿನ ಕೊರೆದ ಅಂಚಿಗೆ ತಾಗಿ ಚೆಂಡು ಒಮ್ಮೆಗೇ ಎಗರಿತು, ಅವನ ಹೆಗಲ ಮೇಲಿಂದ ಹಾರಿಹೋಯಿತು. ಯಾವ ದೇವರೂ ಅದನ್ನು ಹಿಡಿಯಲಾರ. ಬೇಸಿನ ಮೇಲಿದ್ದ ಇಬ್ಬರೂ ಓಡಿ ಬಂದು ಎರಡು ರನ್ ಗಳಿಸಿದರು, ನಾವು ಒಂದು ರನ್ ಹಿಂದಾದೆವು. ಜನ ಹೋ ಎಂದು ತಲೆಯ ಮೇಲೆ ಕೈ ಹೊತ್ತರು. ಬದಿಯಲ್ಲಿ ಕೂತವರಿಗೆ ಅದು ಎಗರಿದ್ದು ಕಂಡಿರಲಿಲ್ಲ, ಮುದುಕ ಮತ್ತೆ ಬಿಟ್ಟ ಎಂದೇ ಅವರ ಲೆಕ್ಕ.

ನಿಯಮ ಸ್ಪಷ್ಟವಾಗಿದೆ. ನೆಲದ ಉಬ್ಬುತಗ್ಗಿಗೆ ತಾಗಿ ದಿಢೀರನೆ ಎಗರಿದ ಚೆಂಡು ಹಿಟ್, ಫೀಲ್ಡರನ ತಪ್ಪಲ್ಲ. ಬೆರಳು ಹಿಟ್ ಕೀ ಮೇಲೆಯೇ ಇತ್ತು. ಅಷ್ಟರಲ್ಲಿ ರೇ ಮೈದಾನದ ಅಂಚಿನಿಂದ ತಿರುಗಿ ನನ್ನ ಕಿಟಕಿಯತ್ತ ನೋಡಿದ. ಬದಿಯಿಂದ ನೋಡಿದ ಅವನಿಗೂ ಇದು ಬಿಟ್ಟ ಚೆಂಡೇ, ಇದನ್ನೂ ಹಿಟ್ ಎಂದು ಬರೆದರೆ ಉಳಿದದ್ದೆಲ್ಲ ಅವನಿಗೆ ಗೊತ್ತಾಗಿಬಿಡುತ್ತದೆ ಎಂದು ನನಗನ್ನಿಸಿತು. ಇಡೀ ಸೀಸನ್ ಹೋಲ್ಗರ್ ಹೆಸರಿಗೆ ಒತ್ತದ ಎರರ್ ಕೀಯನ್ನು ಆಗ ಒತ್ತಿದೆ. ಬೋರ್ಡಿನ ಮೂರನೇ ಕಾಲಂನಲ್ಲಿ ದೀಪ ಹೊತ್ತಿತು. ಹೋಲ್ಗರ್ ಅದನ್ನು ನೋಡಿದ. ಆಮೇಲೆ ಅದೇ ಸರದಿಯಲ್ಲಿ ಬ್ಯಾಟು ಹಿಡಿದ ನಮ್ಮ ಮೂವರೂ ಸಾಲಾಗಿ ಔಟಾದರು, ಟೀಮು ಕೆಳಗಿಳಿಯಿತು.

ಎಲ್ಲರೂ ಹೋದ ಮೇಲೆ ಹೋಲ್ಗರ್ ಕಂಟೇನರಿನ ಕಿಟಕಿಯ ಬಳಿ ಬಂದು ನಿಂತ. ಮೈಯೆಲ್ಲ ಮಣ್ಣು. ಸಿಟ್ಟಿರಲಿಲ್ಲ ಅವನಲ್ಲಿ, ಗೊತ್ತಿಲ್ಲದ್ದನ್ನು ಕೇಳುವವನ ಹಾಗೆ ಕೇಳಿದ.

“ಉಳಿದವೆಲ್ಲ ನಾನು ಬಿಟ್ಟದ್ದೇ. ನನಗೂ ಗೊತ್ತಿತ್ತು, ನಿನಗೂ ಗೊತ್ತಿತ್ತು. ಇದು ಎಗರಿತು. ನೀನು ನೋಡಲಿಲ್ಲವಾ?”

ನನಗೆ ಕಾಣಲಿಲ್ಲ ಎಂದೆ.

ಹಾಗಿದ್ದರೆ ಸರಿ ಎಂದು ಅವನು ಹೊರಟ. ಎಂದಿನಂತೆ ವ್ಯಾನಿನಲ್ಲಿ ಸ್ಟೇಷನ್‌ವರೆಗೆ ಬಿಡಲೇ ಎಂದು ಆವತ್ತು ಕೇಳಲಿಲ್ಲ. ನಾನು ನಡೆದೇ ಹೋದೆ.

ಬರೆದ ನಿರ್ಣಯವನ್ನು ಒಂದು ದಿನದೊಳಗೆ ಸ್ಕೋರರ್ ತಿದ್ದಬಹುದು, ಆಮೇಲೆ ಅದು ಶಾಶ್ವತ. ಭಾನುವಾರ ಬೆಳಗ್ಗೆ ಮನಸ್ಸು ತಡೆಯದೆ ಮೈದಾನಕ್ಕೆ ಹೋದೆ. ರೇ ಒಬ್ಬನೇ ಕುಂಟೆ ಹಿಡಿದು ಮಣ್ಣು ಎಳೆಯುತ್ತಿದ್ದ. ಕೊನೆಯ ಚೆಂಡು ಎಗರಿತು, ಅದನ್ನು ತಿದ್ದಬೇಕು ಎಂದೆ. ಅವನು ಕುಂಟೆಯ ತುದಿಯಿಂದ ಹುಲ್ಲಿನ ಅಂಚಿನ ಗುರುತು ತೋರಿಸಿದ. ಬೆಳಗ್ಗೆಯೇ ನೋಡಿದ್ದೇನೆ ಎಂದ. ಹಾಗಾದರೆ ತಿದ್ದಲೇ ಎಂದು ಕೇಳಿದೆ. ಆಗ ಅವನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

“ತಿದ್ದು. ಆದರೆ ಮೇ ತಿಂಗಳಿನಿಂದ ಬರೆದದ್ದನ್ನೂ ಅದರ ಜೊತೆಗೆ ಲೀಗಿಗೆ ಹೇಳು. ಇದೊಂದನ್ನೇ ತಿದ್ದೋಕೆ ನಾನು ಬಿಡಲ್ಲ.”

ಎಷ್ಟು ದಿನದಿಂದ ಅವನಿಗೆ ಗೊತ್ತಿತ್ತೋ, ಅಥವಾ ಶನಿವಾರವೇ ಗೊತ್ತಾಯಿತೋ, ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ಮತ್ತೆ ಮಣ್ಣು ಎಳೆಯತೊಡಗಿದ.

ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದೆ. ಲೀಗಿಗೆ ಒಂದು ಪತ್ರ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಸುಮಂಗಲಾಳಿಗೆ ಎಲ್ಲ ಹೇಳಿದೆ. ಕೆಲಸ ಹೋದರೂ ಚಿಂತಿಲ್ಲ, ಊರಿಗೆ ಹೋಗೋಣ, ಪತ್ರ ಕಳಿಸಿರಿ ಎಂದಳು. ಮೂರು ಗಂಟೆಯಾಯಿತು, ನಾಲ್ಕಾಯಿತು, ಗಡುವು ದಾಟಿತು. ಅವಳು ಚಹಾ ತಂದಿಟ್ಟು, “ಕಳಿಸಿದ್ರಿ?” ಎಂದು ಕೇಳಿದಳು. ಇಲ್ಲ ಎಂದೆ. ಆಮೇಲೆ ಎಂದೂ ಅವಳು ಆ ವಿಷಯ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಒಳ್ಳೆಯದಿತ್ತು.

ಕಾಫಿ ಕಂಪನಿ ಕೈಬಿಟ್ಟಿತು, ಟೀಮು ಚದುರಿತು. ರೇ ಬೇರೆ ಊರಿಗೆ ಹೋದ. ನನ್ನ ಪ್ರೋಗ್ರಾಂ ಲೀಗಿನವರಿಗೆ ಹಿಡಿಸಿತು. ಅದರಿಂದಲೇ ನನಗೆ ಮುಂದೆ ಹೆಸರು ಬಂತು, ದೊಡ್ಡ ಆಟಗಳ ಕೆಲಸ ಸಿಕ್ಕಿತು. ಅದೆಲ್ಲ ಇಲ್ಲಿ ಬೇಡ. ಹೋಲ್ಗರ್ ಆ ದಿನದ ನಂತರ ಗ್ಲೌಸು ಮುಟ್ಟಲಿಲ್ಲ ಎಂದು ಯಾರೋ ಹೇಳಿದರು. ನಾನು ಅವನ ಮನೆಗೆ ಹೋಗುವ ಧೈರ್ಯ ಮಾಡಲಿಲ್ಲ.

ಹತ್ತು ವರ್ಷಕ್ಕೂ ಮೇಲಾದ ಮೇಲೆ ಒಂದು ಸಂಜೆ ಹ್ಯಾಂಬರ್ಗ್‌ನ ಆಲ್ಟೋನಾ ಸ್ಟೇಷನ್ನಿನಲ್ಲಿ ನನ್ನ ಹೆಸರು ಕೂಗಿದ್ದು ಕೇಳಿಸಿತು. ಹೋಲ್ಗರ್. ಕೂದಲೆಲ್ಲ ಬೆಳ್ಳಗಾಗಿತ್ತು, ಕೈಯಲ್ಲಿ ಊರುಗೋಲು. ಜೊತೆಯಲ್ಲಿದ್ದ ಹೆಂಡತಿಗೆ, ನಾನು ಹೇಳುತ್ತಿದ್ದ ಸ್ಕೋರರ್ ಇವರೇ ಎಂದು ಪರಿಚಯ ಮಾಡಿಸಿದ. ಮಗಳು ಏನು ಮಾಡುತ್ತಿದ್ದಾಳೆ, ಸುಮಂಗಲಾ ಹೇಗಿದ್ದಾಳೆ, ಎಲ್ಲ ವಿಚಾರಿಸಿದ. ಅವನ ಹೆಂಡತಿ, ಆ ಟೀಮಿನ ಮಾತು ಇವರಿಂದ ಕೇಳಿ ಕೇಳಿ ಸಾಕಾಗಿದೆ ಎಂದು ನಕ್ಕಳು. ಅವನೂ ನಕ್ಕ.

“ಏನು ಮಾಡೋದು, ಕೊನೆಯ ಚೆಂಡು ಬಿಟ್ಟವನು ನಾನೇ ಅಲ್ಲವಾ? ನನ್ನಿಂದ ಟೀಮು ಹೋಯಿತು.”

ಕಿಟಕಿಯ ಬಳಿ ನಿಂತು, ಇದು ಎಗರಿತು ಎಂದವನೇ ಇವನು. ದಾಖಲೆಯಲ್ಲಿ ಇರುವುದನ್ನು ಇಷ್ಟು ವರ್ಷ ಓದಿ ಓದಿ ಅದನ್ನೇ ನಂಬಿಬಿಟ್ಟಿದ್ದ. ಇಷ್ಟು ದಿನ ಹೇಳದಿದ್ದದ್ದನ್ನು ಆಗ ಹೇಳಿದೆ. ಅವನ ಎರಡೂ ಕೈ ಹಿಡಿದುಕೊಂಡು, ಇಲ್ಲ ಹೋಲ್ಗರ್, ನೀನು ಬಿಡಲಿಲ್ಲ, ಚೆಂಡು ಎಗರಿತು, ನಾನು ಕಣ್ಣಾರೆ ನೋಡಿದ್ದೆ, ಬರೆದದ್ದು ಸುಳ್ಳು ಎಂದೆ.

ಅವನು ನನ್ನ ಭುಜ ತಟ್ಟಿದ. ಹೆಂಡತಿಯ ಕಡೆ ತಿರುಗಿ ಹೇಳಿದ.

“ನೋಡಿದೆಯಾ, ಇವನು ಆಗಲೂ ಹೀಗೇ. ನನ್ನ ತಪ್ಪು ಒಂದನ್ನೂ ನನ್ನದು ಅಂತ ಒಪ್ಪುತ್ತಿರಲಿಲ್ಲ. ಅಷ್ಟು ಒಳ್ಳೆಯವನು.”

ಅವರ ರೈಲು ಬಂತು. ಅವಳು ಅವನ ಊರುಗೋಲು ಹಿಡಿದುಕೊಂಡು ಹತ್ತಿಸಿದಳು. ಬಾಗಿಲು ಮುಚ್ಚುವವರೆಗೂ ನಾನು ಅದು ಎಗರಿತು, ಅದು ಎಗರಿತು ಎನ್ನುತ್ತಲೇ ಇದ್ದೆ. ಒಳಗಿನಿಂದ ಅವನು ನಗುತ್ತ ಕೈ ಬೀಸುತ್ತಿದ್ದ.